ರೋಗಿಯ ಹೆಸರು ಬರೆದಿಟ್ಟ ವೈದ್ಯ: ಅಬೂಬಕರ್ ಅರ್‌ರಾಝಿ

ಹಿಜರಿ 251ರ ಶಅಬಾನ್ ಒಂದರಂದು ಜನನ, ಹಿಜರಿ 313ರ ಶಅಬಾನ್ ಐದರಂದು ಮರಣ. ಅಬೂಬಕರ್ ಮುಹಮ್ಮದ್ ಇಬ್ನ್ ಝಕರಿಯ್ಯಾ ಅರ್‌ರಾಝಿಯವರ ಬಗ್ಗೆ ಅಲ್‌ಬೀರೂನಿ ಬರೆದಿಟ್ಟ ಲೆಕ್ಕ ಇದು. ಬೀರೂನಿ ಅಲ್ಲಿಗೇ ನಿಲ್ಲಿಸಲಿಲ್ಲ. ಚಂದ್ರಮಾನದಲ್ಲಿ ಆ ಆಯುಷ್ಯ ಅರುವತ್ತೆರಡು ವರ್ಷ ಐದು ದಿನ, ಸೌರಮಾನದಲ್ಲಿ ಅರುವತ್ತು ವರ್ಷ ಎರಡು ತಿಂಗಳು ಒಂದು ದಿನ ಎಂದು ಎರಡೂ ಬಗೆಯಲ್ಲಿ ಕೂಡಿಸಿ ತೋರಿಸಿದರು. ದಿನವಿಡೀ ಲೆಕ್ಕಪತ್ರದ ನಡುವೆ ಬದುಕುವ ನನ್ನಂಥವನಿಗೆ ಈ ಸಾಲು ಓದಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಇಂದಿನ ಕ್ಯಾಲೆಂಡರಿಗೆ ತಂದರೆ ಕ್ರಿ.ಶ. 865ರಿಂದ 925ರವರೆಗಿನ ಬದುಕು. ರಮಝಾನಿನ ಹೊಸ್ತಿಲಿನ ತಿಂಗಳಲ್ಲೇ ಹುಟ್ಟಿ ಅದೇ ತಿಂಗಳಲ್ಲಿ ತೀರಿಕೊಂಡ ಈ ವೈದ್ಯರ ಬಗ್ಗೆ ಈ ಸಲ ನಮ್ಮ ಕೈಪಿಡಿಯಲ್ಲಿ ಬರೆಯಬೇಕೆನಿಸಿತು.

ಮದ್ರಸದಲ್ಲಿ ಕಲಿತವರು ರಾಝಿ ಎಂದ ಕೂಡಲೇ ಕುರ್‌ಆನ್ ವ್ಯಾಖ್ಯಾನ ಬರೆದ ಇಮಾಮ್ ಫಖ್ರುದ್ದೀನ್ ರಾಝಿಯವರನ್ನು ನೆನೆಯುತ್ತಾರೆ. ಅವರು ಬೇರೆ, ಇವರು ಬೇರೆ. ಇಮಾಮರು ತೀರಿಕೊಂಡದ್ದು ಹಿಜರಿ 606ರಲ್ಲಿ, ಇವರಿಗಿಂತ ಸುಮಾರು ಮುನ್ನೂರು ವರ್ಷ ಈಚೆಗೆ. ಇಬ್ಬರೂ ರಯ್ಯ್ ಎಂಬ ಊರಿನವರು, ಅದಕ್ಕೇ ಇಬ್ಬರೂ ರಾಝಿ. ನಮ್ಮ ಕಡೆ ಭಟ್ಕಳದವರು, ಉಳ್ಳಾಲದವರು ಎಂದು ಹೇಳುವ ಹಾಗೆ. ಆ ರಯ್ಯ್ ಈಗ ಇರಾನಿನ ರಾಜಧಾನಿ ತೆಹರಾನಿಗೆ ಅಂಟಿಕೊಂಡಿದೆ. ಯುರೋಪಿನವರು ಇವರನ್ನು ರೇಝಸ್ ಎಂದು ಕರೆದರು.

ಇವರು ಚಿಕ್ಕಂದಿನಿಂದ ವೈದ್ಯರಾಗಬೇಕೆಂದು ಹೊರಟವರಲ್ಲ. ಹರೆಯದಲ್ಲಿ ಊದ್ ನುಡಿಸುತ್ತಿದ್ದರೆಂದು ಜೀವನಚರಿತ್ರೆ ಬರೆದ ಹಳಬರು ಹೇಳುತ್ತಾರೆ. ಲೋಹಗಳನ್ನು ಕಾಯಿಸಿ, ಕರಗಿಸಿ, ಬಟ್ಟಿ ಇಳಿಸುವ ರಸವಿದ್ಯೆಯ ಹುಚ್ಚೂ ಇತ್ತು, ಅದರ ಮೇಲೆ ಪುಸ್ತಕವನ್ನೂ ಬರೆದರು. ವೈದ್ಯಶಾಸ್ತ್ರಕ್ಕೆ ಕೈಹಾಕಿದ್ದು ಮೂವತ್ತು ದಾಟಿದ ಮೇಲೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಅಂಥವರು ಕೆಲವೇ ವರ್ಷಗಳಲ್ಲಿ ತಮ್ಮೂರಿನ ಬೀಮಾರಿಸ್ತಾನಿಗೆ, ಅಂದರೆ ಆಸ್ಪತ್ರೆಗೆ, ಮುಖ್ಯಸ್ಥರಾದರು. ಮುಂದೆ ಬಗ್ದಾದಿನ ಆಸ್ಪತ್ರೆಯನ್ನೂ ನಡೆಸಿದರು.

ಬಗ್ದಾದ್ ಎಂದಾಗ ಒಂದು ಕಥೆ ಹೇಳದೆ ಯಾರೂ ಮುಂದೆ ಹೋಗುವುದಿಲ್ಲ. ಹೊಸ ಆಸ್ಪತ್ರೆಗೆ ಜಾಗ ಹುಡುಕಲು ರಾಝಿಯವರು ನಗರದ ಬೇರೆ ಬೇರೆ ಮೂಲೆಗಳಲ್ಲಿ ಮಾಂಸದ ತುಂಡು ತೂಗುಹಾಕಿಸಿದರಂತೆ. ಎಲ್ಲಿ ಮಾಂಸ ಕೊಳೆಯಲು ಹೆಚ್ಚು ಹೊತ್ತು ಹಿಡಿಯಿತೋ ಅಲ್ಲಿಯ ಗಾಳಿ ಶುದ್ಧ ಎಂದು ಅಲ್ಲೇ ಕಟ್ಟಿಸಿದರಂತೆ. ಕಥೆ ಚೆನ್ನಾಗಿದೆ. ಆದರೆ ತಾರೀಕು ತಾಳೆಯಾಗುವುದಿಲ್ಲ. ಅಝುದುದ್ದೌಲನ ಹೆಸರಿನ ಆ ಆಸ್ಪತ್ರೆ ತೆರೆದದ್ದು ಹಿಜರಿ 372ರಲ್ಲಿ. ಅಷ್ಟು ಹೊತ್ತಿಗೆ ರಾಝಿಯವರು ತೀರಿಕೊಂಡು 59 ವರ್ಷ ಆಗಿತ್ತು. ಈ ಕಥೆ ದಾಖಲಿಸಿದ ಹದಿಮೂರನೇ ಶತಮಾನದ ಇಬ್ನ್ ಅಬೀ ಉಸೈಬಿಅ ಅವರಿಗೇ ಇದು ಹೊಳೆದಿತ್ತು. ರಾಝಿಯವರು ಅಝುದುದ್ದೌಲನಿಗಿಂತ ಮೊದಲಿನವರು ಎಂದು ಅವರೇ ತಿದ್ದಿ ಬರೆದಿದ್ದಾರೆ. ಆದರೂ ವಾಟ್ಸಾಪಿನಲ್ಲಿ ಇಂದಿಗೂ ಬರುವುದು ಮಾಂಸದ ಕಥೆಯೇ. ರಾಝಿಯವರ ದೊಡ್ಡತನಕ್ಕೆ ಅದರ ಅಗತ್ಯವಿಲ್ಲ. ಅವರು ನಿಜವಾಗಿ ಮಾಡಿದ್ದು ಅದಕ್ಕಿಂತ ದೊಡ್ಡದು.

ಅವರ ಓಪಿ ಹೇಗೆ ನಡೆಯುತ್ತಿತ್ತು ಎಂಬುದನ್ನು, ರಯ್ಯ್‌ನ ಒಬ್ಬ ಮುದುಕ ಕಂಡು ಹೇಳಿದಂತೆ, ಇಬ್ನುನ್ನದೀಮ್ ತಮ್ಮ ಫಿಹ್ರಿಸ್ತ್ ಗ್ರಂಥದಲ್ಲಿ ಬರೆದಿದ್ದಾರೆ. ದೊಡ್ಡ ತಲೆಯ ಆ ಹಿರಿಯರು ನಡುವೆ ಕೂರುತ್ತಿದ್ದರು. ಅವರ ಮುಂದೆ ಶಿಷ್ಯರ ಒಂದು ಸಾಲು, ಅದರ ಮುಂದೆ ಶಿಷ್ಯರ ಶಿಷ್ಯರು, ಅದರ ಮುಂದೆ ಇನ್ನೊಂದು ಸಾಲು. ಬಂದ ರೋಗಿ ಮೊದಲು ಹೊರಸಾಲಿನವರಿಗೆ ತನ್ನ ಬಾಧೆ ಹೇಳಬೇಕು. ಅವರಿಗೆ ತಿಳಿದರೆ ಸರಿ, ಇಲ್ಲದಿದ್ದರೆ ಒಳಸಾಲಿಗೆ. ಅಲ್ಲೂ ಬಗೆಹರಿಯದಿದ್ದರೆ ಮಾತ್ರ ರಾಝಿಯವರು ಬಾಯಿ ತೆರೆಯುತ್ತಿದ್ದರು. ಇವತ್ತಿನ ದೊಡ್ಡ ಆಸ್ಪತ್ರೆಗಳಲ್ಲಿ ಮೊದಲು ಕಿರಿಯ ಡಾಕ್ಟರು, ಆಮೇಲೆ ತಜ್ಞರು ಎಂಬ ವ್ಯವಸ್ಥೆ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಬಡವರ ಮೇಲೆ ಅವರಿಗೆ ಬಹಳ ಕರುಣೆ, ಹಣವಿಲ್ಲದ ರೋಗಿಗಳ ಊಟದ ಖರ್ಚಿಗೂ ಕೊಡುತ್ತಿದ್ದರು, ಆರೈಕೆಯನ್ನೂ ಮಾಡುತ್ತಿದ್ದರು ಎಂದು ಅದೇ ಮುದುಕ ಹೇಳಿದ್ದಾನೆ. ಯಾವಾಗ ಹೋದರೂ ಏನಾದರೂ ಬರೆಯುತ್ತಲೇ ಇರುತ್ತಿದ್ದರಂತೆ. ಅವರೆಯಂಥ ದೊಡ್ಡ ಕಾಳು ತಿಂದು ತಿಂದು ಕಣ್ಣಲ್ಲಿ ಸದಾ ನೀರಂತೆ! ಇದನ್ನು ನಂಬಬೇಕೋ ಬೇಡವೋ ಗೊತ್ತಿಲ್ಲ, ಬರೆದಿದ್ದಾರೆ ಎಂದು ಬರೆದೆ.

ಹಾಗೆ ಬರೆದಿಟ್ಟ ಟಿಪ್ಪಣಿಗಳಲ್ಲಿ ರೋಗಿಗಳ ಹೆಸರುಗಳೂ ಇವೆ. ಅಂಥ 33 ಪ್ರಕರಣಗಳನ್ನು ಮ್ಯಾಕ್ಸ್ ಮೈಯರ್‌ಹೋಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು 1935ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅದರಲ್ಲಿ ಮೊದಲನೆಯದು ಅಬ್ದುಲ್ಲಾ ಇಬ್ನ್ ಸವಾದ ಎಂಬವರದು. ಇವರಿಗೆ ಜ್ವರ. ಒಮ್ಮೆ ದಿನ ಬಿಟ್ಟು ದಿನ, ಒಮ್ಮೆ ನಾಲ್ಕನೇ ದಿನಕ್ಕೊಮ್ಮೆ, ಒಮ್ಮೆ ಆರು ದಿನಕ್ಕೊಮ್ಮೆ, ಒಮ್ಮೆ ಪ್ರತಿದಿನ. ಜ್ವರಕ್ಕೆ ಮೊದಲು ಸಣ್ಣ ನಡುಕ, ಪದೇ ಪದೇ ಮೂತ್ರ. ರಾಝಿಯವರು ಎರಡು ಸಾಧ್ಯತೆ ಲೆಕ್ಕಹಾಕಿದರು: ಇದು ಚೌತಿ ಜ್ವರವಾಗಿ ತಿರುಗಬಹುದು, ಇಲ್ಲವೇ ಮೂತ್ರಪಿಂಡದಲ್ಲಿ ಕೀವು ಕಟ್ಟಿರಬಹುದು. ಸ್ವಲ್ಪ ಸಮಯದಲ್ಲೇ ಮೂತ್ರದಲ್ಲಿ ಕೀವು ಬಂತು. ಇನ್ನು ಆ ಜ್ವರ ಮರಳುವುದಿಲ್ಲ ಎಂದು ಹೇಳಿದರು, ಮರಳಲಿಲ್ಲ. ಔಷಧ ಕೊಟ್ಟರು, ಎರಡು ತಿಂಗಳೊಳಗೆ ರೋಗಿ ಪೂರ್ತಿ ಗುಣವಾದರು.

ಇಷ್ಟಕ್ಕೇ ಬಿಟ್ಟಿದ್ದರೆ ಅದು ವೈದ್ಯರ ಜಂಭದ ಕಥೆಯಾಗುತ್ತಿತ್ತು. ರಾಝಿಯವರು ಇನ್ನೊಂದು ಮಾತು ಸೇರಿಸಿದರು. ಮೊದಲೇ ಖಚಿತವಾಗಿ ಹೇಳಲು ತಮಗೆ ಯಾಕೆ ಆಗಲಿಲ್ಲವೆಂದರೆ, ಎದ್ದು ನಿಂತಾಗ ಸೊಂಟದಲ್ಲಿ ಭಾರ ತೂಗಿದಂತಾಗುತ್ತದೆ ಎಂದು ರೋಗಿ ಹೇಳಿರಲಿಲ್ಲ, ತಾವೂ ಕೇಳಲು ಮರೆತಿದ್ದರು. ಕೇಳಿದ್ದರೆ ಮೂತ್ರಪಿಂಡದ ಅನುಮಾನ ಆಗಲೇ ಗಟ್ಟಿಯಾಗುತ್ತಿತ್ತು. ಗೆದ್ದ ಪ್ರಕರಣದಲ್ಲೂ ತಮ್ಮ ಲೋಪವನ್ನು ಹೆಸರು ಸಮೇತ ಬರೆದಿಟ್ಟ ವೈದ್ಯ, ಸಾವಿರದ ನೂರು ವರ್ಷದ ಹಿಂದೆ.

ಕೇಳದೆ ಬಿಟ್ಟ ಪ್ರಶ್ನೆ, ಹೇಳದೆ ಬಿಟ್ಟ ಮಾತು. ನಮ್ಮ ರೂಮುಗಳಲ್ಲಿ ಇದು ಎಷ್ಟು ಸಾಮಾನ್ಯ ಎಂದು ನಿಮಗೇ ಗೊತ್ತು. ಕ್ಲಿನಿಕ್ಕಿನಲ್ಲಿ ಡಾಕ್ಟರ ಭಾಷೆ ಬೇರೆ, ನಮ್ಮ ಭಾಷೆ ಬೇರೆ, ಹೊರಗೆ ಕಂಪನಿಯ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ಎರಡು ನಿಮಿಷದಲ್ಲಿ ಚೀಟಿ ಹಿಡಿದು ಹೊರಗೆ ಬರುತ್ತೇವೆ. ಉಬ್ಬಸ ಇರುವವರಲ್ಲಿ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆ ನುಂಗಿದ ಅರ್ಧ ಗಂಟೆಯಿಂದ ಎರಡು ಮೂರು ಗಂಟೆಯೊಳಗೆ ಮೂಗು ಕಟ್ಟಿ, ಎದೆ ಬಿಗಿದು, ಪ್ರಾಣಕ್ಕೇ ಅಪಾಯವಾಗುವಷ್ಟು ದಮ್ಮು ಏರುತ್ತದೆ. ಸೊಂಟನೋವಿಗೆ ಪಕ್ಕದ ಮಂಚದವನು ಕೊಟ್ಟ ಮಾತ್ರೆ ಇದೇ ಆಗಿರಬಹುದು. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ತಿಂಗಳುಗಟ್ಟಲೆ ಒಣಕೆಮ್ಮು ಬರುತ್ತದೆ. ಆ ಕೆಮ್ಮಿಗೆ ಸಿರಪ್ಪಿನ ಮೇಲೆ ಸಿರಪ್ಪು ಕುಡಿದರೂ ಹೋಗದು, ಡಾಕ್ಟರಿಗೆ ಹೇಳಿ ಮಾತ್ರೆ ಬದಲಾಯಿಸಿಕೊಂಡರೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಪೆನ್ಸಿಲಿನ್ ಜಾತಿಯ ಔಷಧಕ್ಕೆ ಹಿಂದೆ ಎಂದಾದರೂ ಮೈಮೇಲೆ ದದ್ದು ಎದ್ದಿದ್ದರೆ, ಮುಖ ಊದಿದ್ದರೆ, ಅದನ್ನು ಪ್ರತಿ ಡಾಕ್ಟರಿಗೂ ಹೇಳಬೇಕು. ಔಷಧದ ಹೆಸರನ್ನು ಒಂದು ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆಸಿ, ಐಡಿ ಕಾರ್ಡಿನ ಹಿಂದೆ ಇಟ್ಟುಕೊಳ್ಳಿ. ಇಬ್ನ್ ಸವಾದರ ಬಳಿ ರಾಝಿ ಇದ್ದರು, ನಮ್ಮ ಬಳಿ ಎರಡು ನಿಮಿಷ ಇದೆ.

ಇನ್ನು ರಾಝಿಯವರನ್ನು ವೈದ್ಯಕೀಯ ಸಂಶೋಧನೆಯ ಚರಿತ್ರೆಯಲ್ಲಿ ನಿಲ್ಲಿಸಿದ ಪ್ರಸಂಗಕ್ಕೆ ಬರೋಣ. ಸಿರ್‌ಸಾಮ್ ಎಂದು ಅವರು ಕರೆದ ಮಿದುಳಿನ ಪೊರೆಯ ಬಾವು ಒಂದು ಭಯಂಕರ ರೋಗ. ಅದು ಬರುವ ಮೊದಲು ಕಾಣುವ ಗುರುತುಗಳನ್ನು ಅವರು ಪಟ್ಟಿ ಮಾಡಿದರು: ನಾಲ್ಕೈದು ದಿನ ತಲೆ ಮತ್ತು ಕತ್ತಿನ ನೋವು, ಮಂಕು, ಬೆಳಕು ಕಂಡರಾಗದಿರುವುದು, ಕಣ್ಣೀರು, ಆಕಳಿಕೆ, ನಿದ್ದೆ ಇಲ್ಲದಿರುವುದು. ಈ ಗುರುತು ಕಂಡವರಲ್ಲಿ ಒಂದು ಗುಂಪಿಗೆ ರಕ್ತ ತೆಗೆಸಿದರು. ಇನ್ನೊಂದು ಗುಂಪಿಗೆ ಬೇಕೆಂದೇ ತೆಗೆಸಲಿಲ್ಲ. ಮೊದಲ ಗುಂಪು ಪಾರಾಯಿತು, ಎರಡನೆಯ ಗುಂಪಿನವರಿಗೆಲ್ಲ ರೋಗ ಹತ್ತಿತು ಎಂದು ಬರೆದರು.

ಇದನ್ನು ಓದಿ ಈಗಿನ ಡಾಕ್ಟರುಗಳು ಎರಡು ಮಾತು ಹೇಳುತ್ತಾರೆ, ಎರಡೂ ನ್ಯಾಯವೇ. ರಕ್ತ ತೆಗೆದರೆ ಆ ಬಾವು ವಾಸಿಯಾಗುವುದಿಲ್ಲ, ಆದ್ದರಿಂದ ರಾಝಿಯವರ ತೀರ್ಮಾನ ಇಂದು ನಿಲ್ಲುವುದಿಲ್ಲ. ಎರಡು ಗುಂಪಿನಲ್ಲಿ ಎಷ್ಟೆಷ್ಟು ಮಂದಿ, ಅವರನ್ನು ಹೇಗೆ ಆರಿಸಿದರು ಎಂಬುದೂ ಆ ಬರಹದಲ್ಲಿಲ್ಲ. ರೋಗಿಗಳ ಒಪ್ಪಿಗೆ ಕೇಳುವ ಪದ್ಧತಿಯಂತೂ ಆಗ ಇರಲೇ ಇಲ್ಲ. ಆದರೂ ಅವರು ಹಾಕಿಕೊಂಡ ಪ್ರಶ್ನೆ ಇವತ್ತಿಗೂ ಪ್ರತಿ ಹೊಸ ಔಷಧದ ಮುಂದೆ ಇರುವ ಪ್ರಶ್ನೆಯೇ. ಮದ್ದು ತೆಗೆದುಕೊಂಡವನು ಗುಣವಾದ, ಸರಿ, ತೆಗೆದುಕೊಳ್ಳದವನು ಏನಾದ? ಕಠಿಣ ಅಸ್ತಮಾಕ್ಕೆ ಈಗ ಬಂದಿರುವ ಚುಚ್ಚುಮದ್ದುಗಳನ್ನು ಸಾವಿರಾರು ರೋಗಿಗಳ ಮೇಲೆ ಪರೀಕ್ಷಿಸಿದಾಗಲೂ ಒಂದು ಗುಂಪಿಗೆ ನಿಜವಾದ ಮದ್ದು, ಇನ್ನೊಂದು ಗುಂಪಿಗೆ ಬರೀ ಹುಸಿ ಮದ್ದು, ಯಾರಿಗೆ ಯಾವುದು ಎಂದು ಡಾಕ್ಟರಿಗೂ ರೋಗಿಗೂ ತಿಳಿಸದೆ ಕೊಟ್ಟು, ವರ್ಷದ ಕೊನೆಗೆ ಯಾರು ಎಷ್ಟು ಸಲ ದಮ್ಮು ಏರಿ ಆಸ್ಪತ್ರೆ ಸೇರಿದರು ಎಂದು ಎಣಿಸಿದರು.

ಎಣಿಸುವುದು ಎಂದಾಗ ನಮ್ಮ ಕಡೆಯ ಒಂದು ವಿಷಯ. ಪ್ರತಿವರ್ಷ ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಹೈದರಾಬಾದಿನಲ್ಲಿ ಜೀವಂತ ಮೀನಿನ ಬಾಯಲ್ಲಿ ಮದ್ದಿಟ್ಟು ಉಬ್ಬಸದವರಿಗೆ ನುಂಗಿಸುತ್ತಾರೆ. ಕಲಬುರಗಿ, ಬೀದರ್, ರಾಯಚೂರಿನಿಂದ ಸಾಲು ನಿಲ್ಲಲು ಹೋಗುವವರು ಇದ್ದಾರೆ. ಅವರಲ್ಲಿ ನಮ್ಮವರೂ ಇದ್ದಾರೆ. ಯಾರ ನಂಬಿಕೆಯನ್ನೂ ಹಂಗಿಸುವುದು ನನ್ನ ಉದ್ದೇಶವಲ್ಲ. ಗುಣವಾಯಿತು ಎಂದವರ ಮಾತು ಊರೆಲ್ಲ ಹರಡುತ್ತದೆ. ಗುಣವಾಗದವರು ಸುಮ್ಮನೆ ಮನೆಗೆ ಹೋಗುತ್ತಾರೆ, ಅವರ ಹೆಸರು ಯಾರ ಪುಸ್ತಕದಲ್ಲೂ ಏರುವುದಿಲ್ಲ. ಜಮಾ ಬದಿ ಮಾತ್ರ ಬರೆದು ಖರ್ಚು ಬದಿ ಬಿಟ್ಟ ಖಾತೆಯನ್ನು ನನ್ನ ಮೇಜಿಗೆ ಯಾರಾದರೂ ತಂದರೆ ನಾನು ಸಹಿ ಹಾಕುವುದಿಲ್ಲ.

ರಾಝಿಯವರ ಕಾಲದಲ್ಲೂ ಹುಸಿ ವೈದ್ಯರಿಗೆ ಬರವಿರಲಿಲ್ಲ. ಕಿವಿಯಿಂದ ಹುಳು ತೆಗೆದಂತೆ, ಮೂಗಿನಿಂದ ಹಲ್ಲಿ ತೆಗೆದಂತೆ ಕೈಚಳಕ ತೋರಿಸಿ ಹಣ ಕೀಳುವವರ ತಂತ್ರಗಳನ್ನು ಅವರು ಒಂದೊಂದಾಗಿ ಬಯಲಿಗೆಳೆದಿದ್ದಾರೆ. ಜನ ನುರಿತ ವೈದ್ಯನನ್ನು ಬಿಟ್ಟು ಇಂಥವರ ಹಿಂದೆ ಯಾಕೆ ಹೋಗುತ್ತಾರೆ ಎಂಬುದರ ಮೇಲೇ ಒಂದು ಪುಸ್ತಿಕೆ ಬರೆದರು. ನುರಿತ ವೈದ್ಯನಿಗೂ ಎಲ್ಲ ರೋಗ ವಾಸಿ ಮಾಡಲಾಗುವುದಿಲ್ಲ ಎಂಬುದರ ಮೇಲೆ ಇನ್ನೊಂದು. ಊರಿನಿಂದ ಲಗೇಜಿನಲ್ಲಿ ಬರುವ, ಹೆಸರು ಚೀಟಿ ಇಲ್ಲದ ದಮ್ಮಿನ ಪುಡಿಗಳ ಬಗ್ಗೆ ಇಷ್ಟು ತಿಳಿದಿರಲಿ: ಅಂಥ ಕೆಲವು ಪುಡಿಗಳನ್ನು ಪರೀಕ್ಷಿಸಿದಾಗ ಒಳಗೆ ಸ್ಟೀರಾಯ್ಡ್ ಕಂಡುಬಂದದ್ದುಂಟು. ಮೊದಲ ವಾರ ಪವಾಡದಂತೆ ಉಸಿರು ಹಗುರಾಗುವುದು ಅದರಿಂದಲೇ. ತಿಂಗಳುಗಟ್ಟಲೆ ತಿಂದರೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ. ದಿಢೀರನೆ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಅಪಾಯ.

ರಾಝಿಯವರ ನೂರಾರು ಕೃತಿಗಳಲ್ಲಿ (ಬೀರೂನಿ ಪಟ್ಟಿ ಮಾಡಿದ್ದು 184) ಒಂದು ಪುಟ್ಟ ಬರಹ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಬಲ್ಖ್ ಊರಿನ ಅಬೂ ಝೈದ್ ಎಂಬ ದೊಡ್ಡ ವಿದ್ವಾಂಸರಿದ್ದರು. ಭೂಗೋಳ ಬಲ್ಲವರು, ಮನಸ್ಸಿನ ಆರೋಗ್ಯದ ಬಗ್ಗೆ ಪುಸ್ತಕ ಬರೆದವರು. ಅವರಿಗೆ ವಸಂತ ಬಂದು ಗುಲಾಬಿ ಅರಳಿತೆಂದರೆ ಮೂಗು ಸೋರಲು ಶುರು. ಇಡೀ ಊರು ಗುಲಾಬಿ ಮೂಸಿ ಹಿಗ್ಗುವಾಗ ಈ ಮನುಷ್ಯನಿಗೆ ಮಾತ್ರ ನೆಗಡಿ ಯಾಕೆ ಎಂಬುದನ್ನೇ ವಿಷಯ ಮಾಡಿ ರಾಝಿಯವರು ಬರೆದರು. ಅದರ ಶೀರ್ಷಿಕೆಯಲ್ಲೇ ಮೂರು ಅಂಶಗಳಿವೆ: ಯಾರಿಗೆ, ಯಾವ ಕಾಲದಲ್ಲಿ, ಯಾವುದರಿಂದ. ಅಲರ್ಜಿ ಎಂಬ ಪದ ಹುಟ್ಟಿದ್ದು 1906ರಲ್ಲಿ, ಆಸ್ಟ್ರಿಯಾದ ವೈದ್ಯ ಫಾನ್ ಪಿರ್ಕೆಯಿಂದ. ಅದಕ್ಕೆ ಸಾವಿರ ವರ್ಷ ಮೊದಲೇ ಅಲರ್ಜಿ ರೋಗಿಯ ಒಂದು ಕೇಸ್ ಶೀಟು ತಯಾರಾಗಿತ್ತು ಎನ್ನಬಹುದು. ಕಾರಣವನ್ನು ರಾಝಿಯವರು ಅಂದಿನ ದೇಹರಸಗಳ ಸಿದ್ಧಾಂತದಲ್ಲೇ ಹುಡುಕಿದರು, ಬೇರೆ ಸಿದ್ಧಾಂತ ಆಗ ಇರಲಿಲ್ಲ.

ಅದೇ ಮೂರು ಪ್ರಶ್ನೆ ನಮ್ಮ ಕೆಲಸದ ಜಾಗಕ್ಕೂ ಹೊಂದುತ್ತದೆ. ಬೇಕರಿಯಲ್ಲಿ ಹಿಟ್ಟು ಜರಡಿ ಹಿಡಿಯುವವನಿಗೆ, ಗ್ಯಾರೇಜಿನಲ್ಲಿ ಸ್ಪ್ರೇ ಪೇಂಟ್ ಮಾಡುವವನಿಗೆ, ಬಡಗಿಗೆ ಮರದ ಹೊಟ್ಟಿನಿಂದ, ಕೆಲಸದಿಂದಲೇ ಅಸ್ತಮಾ ಹತ್ತಬಹುದು. ಶುಕ್ರವಾರ ರಜೆಯ ದಿನ ಉಸಿರು ಹಗುರಾಗಿ, ಕೆಲಸಕ್ಕೆ ಮರಳಿದ ದಿನ ಮತ್ತೆ ಬಿಗಿಯುತ್ತದೆಯೇ ಎಂದು ನೋಡಿಕೊಳ್ಳಿ. ಹಾಗಿದ್ದರೆ ಡಾಕ್ಟರಿಗೆ ಹೇಳಬೇಕಾದ ಮೊದಲ ಮಾತೇ ಅದು. ಶಮಾಲ್ ಗಾಳಿ ಎದ್ದಾಗಿನ ಮರಳು ಧೂಳು, ವರ್ಷಗಟ್ಟಲೆ ತೊಳೆಯದ ಎಸಿ ಫಿಲ್ಟರ್, ರೂಮಿನ ಸಿಗರೇಟು, ಬಖೂರಿನ ಹೊಗೆ ಕೂಡ ಉಬ್ಬಸ ಕೆರಳಿಸುತ್ತವೆ. ಸುಗಂಧ ಸುನ್ನತ್ ಎಂಬುದು ನಿಜ, ಪಕ್ಕದವನಿಗೆ ದಮ್ಮು ಇದ್ದರೆ ಕಿಟಕಿ ತೆರೆದು ಆಚೆ ಹೊಗೆ ಹಾಕಿ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಮಾಡಿಸಿ. ವೀಸಾ ಹೋದೀತೆಂಬ ಹೆದರಿಕೆಯಿಂದ ಮುಚ್ಚಿಟ್ಟರೆ ಅದೇ ರೂಮಿನ ಉಳಿದವರಿಗೂ ಹರಡುತ್ತದೆ.

ಇಲ್ಲಿಯ ಆಸ್ಪತ್ರೆ ಬೋರ್ಡುಗಳಲ್ಲಿ ಅಸ್ತಮಾಕ್ಕೆ ಅರಬಿಯಲ್ಲಿ ಅರ್‌ರಬ್ವ್ ಎಂದಿರುತ್ತದೆ. ರಾಝಿಯವರು ಶ್ವಾಸಕೋಶದ ರೋಗಗಳ ಅಧ್ಯಾಯದಲ್ಲಿ ಬಳಸಿದ್ದೂ ಅದೇ ಪದ. ಅವರ ತಿಳಿವಳಿಕೆಯಲ್ಲಿ ಅದು ಶ್ವಾಸನಾಳದಲ್ಲಿ ಅಂಟಾದ ಕಫ ಸಿಕ್ಕಿಕೊಂಡದ್ದರಿಂದ ಬರುವುದು. ಪೂರ್ತಿ ತಪ್ಪೇನಲ್ಲ. ಆದರೆ ನಾಳದ ಒಳಪದರವೇ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಅದರ ಮೇಲೆ ಸೇರುತ್ತದೆ ಎಂಬುದು ಬಹಳ ಈಚಿನ ಅರಿವು. ಅದಕ್ಕೇ ಈಗ ಎರಡು ಬಗೆಯ ಇನ್‌ಹೇಲರ್. ಒಂದು ದಮ್ಮು ಏರಿದಾಗ ಬಿಗಿತ ಸಡಿಲಿಸುವುದು, ಇನ್ನೊಂದು ಊತ ಇಳಿಸಲು ದಿನವೂ ಎಳೆಯಬೇಕಾದದ್ದು. ನಮ್ಮವರು ಮೊದಲನೆಯದನ್ನು ಜೇಬಲ್ಲಿಟ್ಟು ಎರಡನೆಯದನ್ನು ಖರ್ಚೆಂದು ಬಿಡುತ್ತಾರೆ. ಆಮೇಲೆ ಮೊದಲನೆಯದೇ ತಿಂಗಳಿಗೆ ಎರಡು ಮೂರು ಖಾಲಿಯಾಗುತ್ತದೆ.

ರಮಝಾನಿನಲ್ಲಿ ಇನ್‌ಹೇಲರ್ ಎಳೆದರೆ ಉಪವಾಸ ಮುರಿಯುತ್ತದೆಯೇ ಎಂಬುದರಲ್ಲಿ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ಅರಬ್ ನಾಡಿನ ಹಲವು ವಿದ್ವಾಂಸರು ಮುರಿಯುವುದಿಲ್ಲ ಎನ್ನುತ್ತಾರೆ, ನಮ್ಮ ನಾಡಿನ ಹನಫಿ ವಿದ್ವಾಂಸರಲ್ಲಿ ಹೆಚ್ಚಿನವರು ಮುರಿಯುತ್ತದೆ ಎನ್ನುತ್ತಾರೆ. ನಾನು ಫತ್ವಾ ಕೊಡುವವನಲ್ಲ, ನಿಮ್ಮ ಉಸ್ತಾದರನ್ನು ಕೇಳಿ. ದಿನವೂ ಎಳೆಯುವ ಇನ್‌ಹೇಲರನ್ನು ಸಹರಿ ಮತ್ತು ಇಫ್ತಾರ್ ಹೊತ್ತಿಗೆ ಹೊಂದಿಸಿಕೊಳ್ಳಬಹುದೇ ಎಂದು ಡಾಕ್ಟರನ್ನು ರಮಝಾನಿಗೆ ಮೊದಲೇ ಕೇಳಿ. ಆದರೆ ಹಗಲಲ್ಲಿ ದಮ್ಮು ಏರಿ ಮಾತಾಡಲೂ ಆಗದಿದ್ದರೆ ಇನ್‌ಹೇಲರ್ ಎಳೆಯಿರಿ, ಆಸ್ಪತ್ರೆಗೆ ಓಡಿ. ಆ ದಿನದ ಉಪವಾಸವನ್ನು ಆಮೇಲೆ ಖಝಾ ವೀಟುವ ದಾರಿಯನ್ನು ರೋಗಿಗೆ ಕುರ್‌ಆನೇ ತೆರೆದಿಟ್ಟಿದೆ. ಇದರಲ್ಲಿ ಯಾವ ಮದ್‌ಹಬಿಗೂ ಭಿನ್ನಮತವಿಲ್ಲ.

ಔಷಧ ಕೊಡುವ ವಿಷಯದಲ್ಲಿ ರಾಝಿಯವರ ಕೈ ಬಿಗಿ. ಪಥ್ಯದಲ್ಲಿ ಹೋಗುವುದಕ್ಕೆ ಮದ್ದು ಬೇಡ, ಒಂಟಿ ಮೂಲಿಕೆಯಲ್ಲಿ ಹೋಗುವುದಕ್ಕೆ ಹತ್ತು ಬೆರೆಸಿದ ಲೇಹ್ಯ ಬೇಡ ಎಂಬುದು ಅವರ ನಿಲುವು. ಪಾದರಸ ಮನುಷ್ಯನಿಗೆ ಏನು ಮಾಡೀತು ಎಂದು ತಿಳಿಯಲು ಮೊದಲು ತಮ್ಮ ಬಳಿ ಇದ್ದ ಕೋತಿಗೆ ಕುಡಿಸಿ ನೋಡಿದರು. ಅದು ಹೊಟ್ಟೆ ಹಿಡಿದುಕೊಂಡು ಹೊರಳಾಡಿ ಹಲ್ಲು ಕಡಿಯಿತು ಎಂದು ಬರೆದಿದ್ದಾರೆ. ಪಾಪ ಕೋತಿ! ವೈದ್ಯ ಸಿಗದವರಿಗಾಗಿ ಎಂಬ ಅರ್ಥದ ಹೆಸರಿನ ಒಂದು ಪುಸ್ತಕವನ್ನೂ ಬರೆದರು. ಅಡುಗೆಮನೆಯಲ್ಲಿ, ಸಂತೆಯಲ್ಲಿ, ಸೈನ್ಯದ ಬಿಡಾರದಲ್ಲಿ ಸಿಗುವ ವಸ್ತುಗಳಿಂದಲೇ ಮಾಡಿಕೊಳ್ಳುವ ಮದ್ದುಗಳು ಅದರಲ್ಲಿವೆ. ಜನ ಅದನ್ನು ಬಡವರ ವೈದ್ಯ ಎಂದೇ ಕರೆದರು. ಸಿಡುಬು ಬೇರೆ, ದಡಾರ ಬೇರೆ ಎಂದು ಬಿಡಿಸಿ ತೋರಿಸಿದ ಅವರ ಪುಸ್ತಕ ಯುರೋಪಿನ ಹಲವು ಭಾಷೆಗಳಿಗೆ ಹೋಯಿತು.

ಗ್ರೀಕರ ಗ್ಯಾಲನ್, ಅರಬರು ಜಾಲೀನೂಸ್ ಎಂದು ಕರೆದವರು, ಆಗ ವೈದ್ಯಲೋಕದ ಪ್ರಶ್ನಾತೀತ ಗುರು. ಆ ಗುರುವಿನ ಮೇಲೆಯೇ ಸಂದೇಹಗಳು ಎಂಬ ಪುಸ್ತಕ ಬರೆದರು ರಾಝಿ. ಬಗ್ದಾದ್ ಮತ್ತು ರಯ್ಯ್ ಆಸ್ಪತ್ರೆಗಳಲ್ಲಿ ತಾವು ಕಂಡ ರೋಗಗಳು ಪುಸ್ತಕದಲ್ಲಿ ಹೇಳಿದ ದಾರಿಯಲ್ಲಿ ನಡೆಯದಿದ್ದಾಗ ಅದನ್ನೂ ಬರೆದಿಟ್ಟುಕೊಂಡಿದ್ದರು, ಆ ದಾಖಲೆಯ ಬಲದಿಂದ ಮಾತಾಡಿದರು. ಗುರುವಿನ ಮೇಲಿನ ಗೌರವವನ್ನೂ ಅದೇ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ.

ಇಷ್ಟು ಹೇಳಿ ಒಂದು ವಿಷಯ ಮುಚ್ಚಿಟ್ಟರೆ ಅದು ಓದುಗರಿಗೆ ಮಾಡುವ ವಂಚನೆ. ಧರ್ಮದ ವಿಷಯದಲ್ಲಿ ರಾಝಿಯವರ ಕೆಲವು ಅಭಿಪ್ರಾಯಗಳು ಅವರ ಕಾಲದಿಂದಲೇ ವಿವಾದಕ್ಕೆ ಸಿಕ್ಕಿದ್ದವು. ಪ್ರವಾದಿತ್ವದ ಬಗ್ಗೆ ಅವರ ವಾದವೆಂದು ಹೇಳಲಾದದ್ದನ್ನು ಅದೇ ಊರಿನ ಅಬೂ ಹಾತಿಮ್ ರಾಝಿ ಎಂಬವರು ಒಂದು ಗ್ರಂಥವನ್ನೇ ಬರೆದು ಖಂಡಿಸಿದರು. ಬೀರೂನಿಯೂ ಅವರ ಕೃತಿಗಳ ಪಟ್ಟಿ ಮಾಡುತ್ತಲೇ ಈ ವಿಷಯದಲ್ಲಿ ಆಕ್ಷೇಪ ಎತ್ತಿದರು. ಆ ಬರಹಗಳು ಹೆಚ್ಚಾಗಿ ಉಳಿದಿರುವುದು ವಿರೋಧಿಗಳ ಪುಸ್ತಕಗಳ ಮೂಲಕ, ಆದ್ದರಿಂದ ಅವರು ನಿಜಕ್ಕೂ ಏನು ಹೇಳಿದ್ದರು ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ನಡೆದಿದೆ. ಆ ಲೆಕ್ಕ ಅಲ್ಲಾಹನ ಬಳಿ ಇದೆ. ಅವರ ವೈದ್ಯವನ್ನು ಮಾತ್ರ ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ಎಲ್ಲರೂ ಶತಮಾನಗಳ ಕಾಲ ಓದಿದರು.

ಬರವಣಿಗೆಯೇ ಅವರ ದೇಹವನ್ನು ತಿಂದಿತು. ಒಂದೇ ವರ್ಷದಲ್ಲಿ ತಾಯತದ ಬರಹದಂಥ ಸಣ್ಣ ಅಕ್ಷರದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಾಳೆ ಬರೆದೆನೆಂದು ಅವರೇ ಹೇಳಿಕೊಂಡಿದ್ದಾರೆ. ದೊಡ್ಡ ಗ್ರಂಥಕ್ಕಾಗಿ ಹದಿನೈದು ವರ್ಷ ಹಗಲೂ ರಾತ್ರಿ ಕೂತು ಕಣ್ಣು ಮಂಜಾಯಿತು, ಕೈಯ ಸ್ನಾಯು ಸೋತಿತು. ಆಮೇಲೆ ಬೇರೆಯವರಿಂದ ಓದಿಸಿ ಬರೆಸುತ್ತಿದ್ದರು. ಕೊನೆಗೆ ಎರಡೂ ಕಣ್ಣು ಹೋಯಿತು. ಕಣ್ಣಿನ ಪೊರೆ ತೆಗೆಯಲು ಬಂದ ಒಬ್ಬ ವೈದ್ಯನನ್ನು ಕಣ್ಣಿಗೆ ಎಷ್ಟು ಪದರ ಎಂದು ಕೇಳಿದರಂತೆ, ಅವನಿಗೆ ಗೊತ್ತಿರಲಿಲ್ಲ, ಇದು ಗೊತ್ತಿಲ್ಲದವನ ಉಪಕರಣ ತಮ್ಮ ಕಣ್ಣು ಮುಟ್ಟುವುದು ಬೇಡ ಎಂದರಂತೆ. ಲೋಕವನ್ನು ಸಾಕಷ್ಟು ನೋಡಿಯಾಯಿತು ಎಂದು ಬೇಡವೆಂದರು ಎಂಬ ಇನ್ನೊಂದು ಕಥೆಯೂ ಇದೆ. ಜೀವನಪೂರ್ತಿ ಪ್ರಶ್ನೆ ಕೇಳಿದ ಮನುಷ್ಯನಿಗೆ ಮೊದಲನೆಯದೇ ಹೆಚ್ಚು ಒಪ್ಪುತ್ತದೆ ಎಂದು ನನಗೆ ಕಾಣುತ್ತದೆ.

ಅವರು ತೀರಿಕೊಂಡಾಗ ಅವರ ಅತಿದೊಡ್ಡ ಕೃತಿ ಅಲ್‌ಹಾವೀ ಪುಸ್ತಕವಾಗಿರಲೇ ಇಲ್ಲ. ಟಿಪ್ಪಣಿಗಳ ರಾಶಿಯಾಗಿ ಸಹೋದರಿಯ ಮನೆಯಲ್ಲಿತ್ತು. ರುಕ್ನುದ್ದೌಲನ ಮಂತ್ರಿ ಇಬ್ನುಲ್ ಅಮೀದ್ ಆಕೆಗೆ ತುಂಬ ಹಣ ಕೊಟ್ಟು ಆ ಹಾಳೆಗಳನ್ನು ಪಡೆದುಕೊಂಡರು, ರಾಝಿಯವರ ಶಿಷ್ಯರನ್ನು ಕೂಡಿಸಿ ಜೋಡಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರೋಜುಕೀರ್ದಿ ಇತ್ತು, ಖಾತೆಗೆ ಏರಿಸಿದ್ದು ಶಿಷ್ಯರು. ಪ್ರತಿ ರೋಗದ ಕೆಳಗೆ ಗ್ರೀಕರು ಏನು ಹೇಳಿದರು, ಸಿರಿಯಾಕರು ಏನು ಹೇಳಿದರು, ನಮ್ಮ ಚರಕ ಸುಶ್ರುತರು ಏನು ಹೇಳಿದರು ಎಂದು ಹೆಸರು ಸಮೇತ ಬರೆದು, ಕೊನೆಗೆ ಲೀ ಎಂಬ ಎರಡಕ್ಷರದ ಅರಬಿ ಪದ ಹಾಕಿ ತಮ್ಮ ಅನುಭವ ಸೇರಿಸಿದ್ದಾರೆ. ಲೀ ಎಂದರೆ ಇದು ನನ್ನದು ಎಂದರ್ಥ. ಯಾವ ನಮೂದು ಯಾರದು ಎಂಬ ಗೊಂದಲವೇ ಇಲ್ಲ.

ಸಿಸಿಲಿಯ ಯಹೂದಿ ವೈದ್ಯ ಫರಜ್ ಇಬ್ನ್ ಸಾಲಿಮ್ 1279ರಲ್ಲಿ ಅದನ್ನು ಲ್ಯಾಟಿನಿಗೆ ತಂದರು. 1486ರಲ್ಲಿ ಇಟಲಿಯ ಬ್ರೆಶಿಯಾದಲ್ಲಿ ಅದು ಅಚ್ಚಾಯಿತು. ಮೂಲ ಅರಬಿ ಪಾಠ ಪೂರ್ತಿಯಾಗಿ ಅಚ್ಚಾಗಲು ಇನ್ನೂ ಐನೂರು ವರ್ಷ ಹತ್ತಿರ ಕಾಯಬೇಕಾಯಿತು, ಅದೂ ಆದದ್ದು ಅರಬ್ ನಾಡಿನಲ್ಲಲ್ಲ. ಬೀದರಿನಿಂದ ಬಸ್ಸಿನಲ್ಲಿ ಮೂರು ನಾಲ್ಕು ಗಂಟೆ ದೂರದ ಹೈದರಾಬಾದಿನಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದ ದಾಇರತುಲ್ ಮಆರಿಫ್ ಸಂಸ್ಥೆ 1955ರಿಂದ ಒಂದೊಂದೇ ಸಂಪುಟ ಹೊರತರುತ್ತಾ ಹೋಗಿ 23 ಭಾಗಗಳಲ್ಲಿ ಮುಗಿಸಿತು. ಇಬ್ನ್ ಸವಾದರ ಜ್ವರವೂ, ಕೇಳಲು ಮರೆತ ಆ ಪ್ರಶ್ನೆಯೂ ಅದರಲ್ಲಿವೆ.